ನ್ಯೂ ಆರ್ಲಿಯನ್ಸ್‌ನಲ್ಲಿ ಐದು ದಿನ: ಬೀದಿಬದಿಯ ತಿಂಡಿಯಿಂದ ಕೋಟು ತೊಟ್ಟು ಕೂರುವ ಊಟದವರೆಗೆ ಎಲ್ಲೆಲ್ಲಿ ತಿನ್ನಬೇಕು?

ಪ್ರಶ್ನೆ: "ಮಾರ್ಚ್ 19ರ ಗುರುವಾರ ಬೆಳಿಗ್ಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಇಳಿದು ಸೋಮವಾರ ರಾತ್ರಿ ಹೊರಡುತ್ತೇವೆ. ನಾಲ್ಕು ಜನ. ಮೂವರು ಮೀನು, ಕೋಳಿ ತಿನ್ನುತ್ತೇವೆ, ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇಳಿದುಕೊಳ್ಳುವ ಮನೆಯಲ್ಲಿ ಸಣ್ಣ ಅಡುಗೆಮನೆ ಇದೆ, ಕಾರಿಲ್ಲ. ಅಗ್ಗದ ತಿಂಡಿಯಿಂದ ಹಿಡಿದು ಒಂದು ದುಬಾರಿ ಊಟದವರೆಗೆ ಎಲ್ಲಿ ಹೋಗಬೇಕು?"

ಈ ಊರಲ್ಲಿ ಎಲ್ಲಿ ತಿನ್ನಬೇಕು ಅನ್ನುವುದಕ್ಕಿಂತ ಮೊದಲು ಇವತ್ತು ಯಾವ ವಾರ, ಯಾವ ತಿಂಗಳು ಅಂತ ನೋಡಿಕೊಳ್ಳಬೇಕು. ಹೆಸರಾಂತ ಹೋಟೆಲುಗಳ ಪಟ್ಟಿ ಹಿಡಿದು ಹೊರಟವರು ಬಾಗಿಲು ಮುಚ್ಚಿದ ದಿನ ಹೋಗಿ ನಿಲ್ಲುತ್ತಾರೆ, ಇಲ್ಲವೇ ಎರಡು ಗಂಟೆ ಸರದಿಯಲ್ಲಿ ಕಾಯುತ್ತಾರೆ. ನಿಮ್ಮ ತಾರೀಖುಗಳು ಚೆನ್ನಾಗಿಯೇ ಬಿದ್ದಿವೆ. ಆಯ್ಸ್ಟರ್ (ಸಿಂಪಿ) ಕಾಲ ಇನ್ನೂ ಮುಗಿದಿರುವುದಿಲ್ಲ, ಸಿಹಿನೀರಿನ ಪುಟ್ಟ ಲಾಬ್‌ಸ್ಟರ್‌ನಂಥ ಕ್ರಾಫಿಶ್‌ನ ಕಾಲ ಏರುತ್ತಿರುತ್ತದೆ. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತವೂ ನಡೆಯುತ್ತಿರುತ್ತದೆ. ಜೊತೆಗೆ ಒಂದು ಶುಕ್ರವಾರ, ಒಂದು ಸೋಮವಾರ ಸಿಕ್ಕಿವೆ.

ಮೊದಲು ಅಮ್ಮನವರ ವಿಷಯ ಮುಗಿಸೋಣ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಇಲ್ಲಿನ ಅಡುಗೆಯಲ್ಲಿ ಮಾಂಸ ಹೋಳಾಗಿ ಕಾಣಿಸದಿದ್ದರೂ ಒಗ್ಗರಣೆಯ ಜಾಗದಲ್ಲಿ ಇರುತ್ತದೆ. ಕೆಂಪು ಕಾಳಿನ (ರಾಜ್ಮಾ) ಪಲ್ಯದಲ್ಲಿ ಹಂದಿಯ ಮೂಳೆ ಅಥವಾ ಸಾಸೇಜ್ ಬೆಂದಿರುತ್ತದೆ. 'ಗ್ರೀನ್ಸ್' ಎಂದು ಬರೆದಿರುವ ಸೊಪ್ಪಿನ ಪಲ್ಯಕ್ಕೂ ಹಂದಿಮಾಂಸವೇ ರುಚಿ ಕೊಡುವುದು. 'ಡರ್ಟಿ ರೈಸ್' ಅನ್ನುವ ಅನ್ನದ ಕಂದುಬಣ್ಣ ಕೋಳಿಯ ಲಿವರಿನದು. ಮುಸುಕಿನ ಜೋಳದ 'ಮಾಕ್ ಶೂ'ವಿನಲ್ಲಿ ಎಷ್ಟೋ ಕಡೆ ಬೇಕನ್ ಇರುತ್ತದೆ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಮೀನಿದೆ, ಮೇಯನೇಸ್‌ನಲ್ಲಿ, ಅದರಿಂದ ಮಾಡುವ ರೆಮೊಲಾಡ್ ಸಾಸ್‌ನಲ್ಲಿ ಮೊಟ್ಟೆಯಿದೆ. ಆಲೂಗೆಡ್ಡೆ ಫ್ರೈಸ್‌ಗೂ ಸೀಗಡಿ ಕರಿದ ಎಣ್ಣೆಯನ್ನೇ ಬಳಸುವ ಅಂಗಡಿಗಳು ಹೆಚ್ಚು. ಹಾಗಾಗಿ 'ವೆಜಿಟೇರಿಯನ್' ಅಂದು ಸುಮ್ಮನಾಗಬೇಡಿ. "ನೋ ಮೀಟ್, ನೋ ಫಿಶ್, ನೋ ಶೆಲ್‌ಫಿಶ್, ನೋ ಎಗ್, ನೋ ಮೀಟ್ ಸ್ಟಾಕ್" ಎಂದು ಬಿಡಿಸಿ ಹೇಳಿ. ಕೊನೆಯ ಮಾತೇ ಮುಖ್ಯ. ಸೂಪು, ಅನ್ನ, ಗ್ರಿಟ್ಸ್ (ಜೋಳದ ನುಚ್ಚಿನ ಗಂಜಿ) ಮೂರನ್ನೂ ಕೋಳಿ ಬೇಯಿಸಿದ ನೀರಿನಲ್ಲಿ ಮಾಡುವ ಅಡುಗೆಮನೆಗಳಿವೆ, ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ.

ಈ ಕಾರಣಕ್ಕೇ ಅಮ್ಮನವರಿಗೆ ಬೀದಿಬದಿಯ ಅಂಗಡಿಗಳಿಗಿಂತ ದೊಡ್ಡ ಹೋಟೆಲುಗಳು ಅನುಕೂಲ. ಅಲ್ಲಿ ಒಂದೊಂದು ತಟ್ಟೆಯೂ ಬೇರೆಯಾಗಿ ತಯಾರಾಗುತ್ತದೆ, ಟೇಬಲ್ ಕಾಯ್ದಿರಿಸುವಾಗಲೇ ಬರೆದರೆ ಬೇರೆ ಅಡುಗೆ ಮಾಡಿಕೊಡುತ್ತಾರೆ. ಸಣ್ಣ ಅಂಗಡಿಯಲ್ಲಿ ಗಂಬೋ ಎಂಬ ಇಲ್ಲಿನ ಮಂದ ಸಾರು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಬೆಂದಿರುತ್ತದೆ, ಅದರಿಂದ ಏನನ್ನೂ ಹೊರತೆಗೆಯಲು ಆಗುವುದಿಲ್ಲ.

ಗುರುವಾರ ನೀವು ಇಳಿಯುವ ದಿನವೇ ಸೇಂಟ್ ಜೋಸೆಫ್ ಹಬ್ಬ. ಸಿಸಿಲಿಯಿಂದ ಬಂದು ನೆಲೆಸಿದವರು ಈ ಊರಿಗೆ ತಂದ ಆಚರಣೆ ಇದು. ಚರ್ಚುಗಳಲ್ಲಿ, ಕೆಲವು ಮನೆಗಳಲ್ಲಿ ಮೂರು ಮೆಟ್ಟಿಲಿನ ಪೀಠ ಕಟ್ಟಿ ಬ್ರೆಡ್, ಹಣ್ಣು, ಬಿಸ್ಕತ್ತು, ತರಕಾರಿ ಜೋಡಿಸುತ್ತಾರೆ. ನಮ್ಮ ದಸರಾ ಗೊಂಬೆಗಳ ಮೆಟ್ಟಿಲು ನೆನಪಾಗುತ್ತದೆ. ಲೆಂಟ್ ಆದ್ದರಿಂದ ಪೀಠದ ಮೇಲೆ ಮಾಂಸ ಇಡುವುದಿಲ್ಲ, ಆದರೆ ಮೀನು ಮತ್ತು ಮೊಟ್ಟೆಯ ಪದಾರ್ಥ ಇರುತ್ತವೆ. ಯಾರು ಬೇಕಾದರೂ ಒಳಗೆ ಹೋಗಬಹುದು. ಹಲವು ಕಡೆ ಊಟ ಹಾಕುತ್ತಾರೆ, ಹೊರಡುವಾಗ ಒಂದು ಒಣಗಿದ ಫಾವಾ ಕಾಳನ್ನು ಕೈಗಿಡುತ್ತಾರೆ. ಅದನ್ನು ಪರ್ಸಿನಲ್ಲಿಟ್ಟುಕೊಂಡರೆ ದುಡ್ಡಿಗೆ ಬರ ಬರುವುದಿಲ್ಲ ಅನ್ನುವ ನಂಬಿಕೆ. ಎಲ್ಲೆಲ್ಲಿ ಪೀಠ ಕಟ್ಟುತ್ತಾರೆ ಎಂಬ ಪಟ್ಟಿಯನ್ನು ಸ್ಥಳೀಯ ಪತ್ರಿಕೆಗಳು ಆ ವಾರ ಹಾಕುತ್ತವೆ. ತಟ್ಟೆಯ ಪಕ್ಕದಲ್ಲಿ ಕಾಣಿಕೆ ಡಬ್ಬಿ ಇದ್ದರೆ ಒಂದಷ್ಟು ಹಾಕಿ ಬನ್ನಿ.

ಅದೇ ರಾತ್ರಿ ಮ್ಯಾಗಜೀನ್ ಸ್ಟ್ರೀಟಿನ ಸ್ಯಾಫ್ರನ್‌ಗೆ ಹೋಗಬಹುದು. ಭಾರತೀಯ ಮೂಲದ ಕುಟುಂಬವೊಂದು ನಡೆಸುವ ಹೋಟೆಲು. ಅಮೆರಿಕದ ಎಲ್ಲ ಊರಲ್ಲೂ ಸಿಗುವ ಬಫೆ ಸಾಲಿಗೆ ಸೇರಿದ್ದಲ್ಲ. ಅವರ ಗಂಬೋದಲ್ಲಿ ನಮ್ಮ ಮಸಾಲೆ ಇದೆ, ಪಕ್ಕದಲ್ಲಿ ಬಾಸ್ಮತಿ ಅನ್ನ. ಪ್ರಯಾಣದ ಸುಸ್ತಿನ ದಿನ ಅಮ್ಮನವರಿಗೂ ಚರ್ಚೆಯಿಲ್ಲದೆ ಊಟ ಸಿಗುತ್ತದೆ. ಟೇಬಲ್ ಮೊದಲೇ ಹೇಳಿಡಬೇಕು.

ಶುಕ್ರವಾರ ಮಧ್ಯಾಹ್ನವೇ ನಿಮ್ಮ ದುಬಾರಿ ಊಟ ಆಗಲಿ. ರಾತ್ರಿ ಬೇಡ. ಗಾರ್ಡನ್ ಡಿಸ್ಟ್ರಿಕ್ಟಿನ ಕಮಾಂಡರ್ಸ್ ಪ್ಯಾಲೆಸ್ 1893ರಷ್ಟು ಹಳೆಯದು, ಪಾಲ್ ಪ್ರುಡೋಮ್, ಎಮರಿಲ್ ಲಗಾಸೆ ಇಬ್ಬರೂ ಅಲ್ಲಿ ಮುಖ್ಯ ಬಾಣಸಿಗರಾಗಿದ್ದವರು. ಅದೇ ಅಡುಗೆಮನೆ, ಅದೇ ಬಡಿಸುವವರು, ಆದರೆ ಮಧ್ಯಾಹ್ನದ ಬಿಲ್ಲು ರಾತ್ರಿಯದಕ್ಕಿಂತ ಬಹಳ ಕಡಿಮೆ. ವಾರದ ದಿನದ ಮಧ್ಯಾಹ್ನದೂಟದ ಜೊತೆ 25 ಸೆಂಟ್‌ಗೆ ಮಾರ್ಟಿನಿ ಕೊಡುವುದು ಅಲ್ಲಿನ ಹಳೆಯ ಸಂಪ್ರದಾಯ, ತಲೆಗೆ ಮೂರಕ್ಕಿಂತ ಹೆಚ್ಚು ಕೊಡುವುದಿಲ್ಲ. ಬ್ರೆಡ್ ಪುಡಿಂಗ್ ಸೂಫ್ಲೆ ಬೇಕಿದ್ದರೆ ಊಟ ಹೇಳುವಾಗಲೇ ಹೇಳಿಬಿಡಿ. ಅದು ಆಗಿಂದಾಗ ಒಲೆಯಲ್ಲಿ ಉಬ್ಬಿ ಬರಬೇಕು, ಕೊನೆಯಲ್ಲಿ ಕೇಳಿದರೆ ಕಾಯಬೇಕಾಗುತ್ತದೆ. ಅದರಲ್ಲಿ ಮೊಟ್ಟೆಯಿದೆ, ಅಮ್ಮನವರಿಗೆ ಬೇರೆ ಸಿಹಿ ಕೇಳಿ. ಚಡ್ಡಿ, ಟೀ ಶರ್ಟ್ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲ. ಗಂಡಸರಿಗೆ ಕಾಲರ್ ಇರುವ ಅಂಗಿ, ಪ್ಯಾಂಟು, ಮುಚ್ಚಿದ ಶೂ ಇರಲಿ. ಅಮ್ಮನವರು ರೇಷ್ಮೆ ಸೀರೆ ಉಟ್ಟು ಬಂದರೆ ಆ ಹಾಲಿಗೆ ಅದೇ ಸರಿಯಾದ ಉಡುಗೆ. ಹೋಗುವ ದಾರಿ ಸುಲಭ. ಸೇಂಟ್ ಚಾರ್ಲ್ಸ್ ಮಾರ್ಗದ ಹಸಿರು ಟ್ರಾಮ್ ಹತ್ತಿ ವಾಷಿಂಗ್ಟನ್ ಅವೆನ್ಯೂದಲ್ಲಿ ಇಳಿದು ಐದಾರು ನಿಮಿಷ ನಡೆದರೆ ಸಾಕು. 1835ರಿಂದ ಓಡುತ್ತಿರುವ ಮಾರ್ಗ ಅದು.

ಬೋರ್ಬನ್ ಸ್ಟ್ರೀಟಿನ ಗ್ಯಾಲಟ್ವಾರ್ಸ್‌ನ (1905) ಶುಕ್ರವಾರದ ಮಧ್ಯಾಹ್ನದೂಟ ಇನ್ನೂ ಹೆಚ್ಚು ಪ್ರಸಿದ್ಧ. ಆದರೂ ನಿಮಗೆ ಬೇಡ ಅಂತಲೇ ಹೇಳುತ್ತೇನೆ. ಕೆಳಗಿನ ಹಾಲಿನಲ್ಲಿ ಮೊದಲು ಬಂದವರಿಗೆ ಮೊದಲ ಜಾಗ, ಊರಿನವರು ದುಡ್ಡು ಕೊಟ್ಟು ಆಳುಗಳನ್ನು ಸರದಿಯಲ್ಲಿ ನಿಲ್ಲಿಸುತ್ತಾರೆ. ಊಟ ಸಂಜೆಯವರೆಗೂ ನಡೆಯುತ್ತದೆ, ಅಡುಗೆಯೆಲ್ಲ ಮೀನು, ಏಡಿ, ಸೀಗಡಿಯ ಸುತ್ತ. ಅಲ್ಲಿ ಸಂಜೆ 5ರ ನಂತರವೂ ಭಾನುವಾರ ಇಡೀ ದಿನವೂ ಗಂಡಸರಿಗೆ ಕೋಟು ಕಡ್ಡಾಯ, ಸೋಮವಾರ ರಜೆ.

ಶುಕ್ರವಾರ ರಾತ್ರಿ ಗಂಬೋಗೆ ಇರಲಿ. ಟ್ರೆಮೆ ಬಡಾವಣೆಯ ಡೂಕಿ ಚೇಸ್ 1941ರಲ್ಲಿ ಶುರುವಾದದ್ದು. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಉಣ್ಣುವುದು ಕಾನೂನುಬಾಹಿರವಾಗಿದ್ದ ಕಾಲದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು ಅದರ ಮಹಡಿಯ ಕೋಣೆಯಲ್ಲಿ ಸಭೆ ಸೇರುತ್ತಿದ್ದರು, ಅಲ್ಲಿನ ಬಾಣಸಿಗರಾಗಿದ್ದ ಲೀಯಾ ಚೇಸ್ (1923–2019) ಆ ಹೋರಾಟಗಾರರಿಗೆ ಗಂಬೋ ಬಡಿಸುತ್ತಿದ್ದರು. ಭಾನುವಾರ, ಸೋಮವಾರ ಮುಚ್ಚಿರುತ್ತದೆ. ರಾತ್ರಿ ಊಟ ವಾರದ ಕೊನೆಗೆ ಮಾತ್ರ, ಆದ್ದರಿಂದ ಶುಕ್ರವಾರ ತಪ್ಪಿಸಬೇಡಿ. ಗೋಡೆಗಳ ತುಂಬ ಆಫ್ರಿಕನ್-ಅಮೆರಿಕನ್ ಕಲಾವಿದರ ಚಿತ್ರಗಳಿವೆ, ಊಟಕ್ಕೆ ಮುಂಚೆ ಒಂದು ಸುತ್ತು ನೋಡಿ. ಅಮ್ಮನವರಿಗೆ ಅಲ್ಲಿ ಹೆಚ್ಚು ಸಿಗುವುದಿಲ್ಲ, ಮಧ್ಯಾಹ್ನದ ಊಟ ಭಾರವಾಗಿರುವುದರಿಂದ ಹೊಂದಿಸಿಕೊಳ್ಳಬಹುದು.

ಗಂಬೋ ಅಂದರೆ ಏನೆಂದು ತಿಳಿದು ಹೋದರೆ ರುಚಿ ಹೆಚ್ಚು. ಆ ಹೆಸರು ಬೆಂಡೆಕಾಯಿಗೆ ಆಫ್ರಿಕಾದ ಭಾಷೆಗಳಲ್ಲಿರುವ 'ಕಿ ನ್ಗೊಂಬೊ' ಎಂಬಂಥ ಪದದಿಂದ ಬಂದದ್ದು. ಗುಲಾಮರನ್ನಾಗಿ ಹಿಡಿದು ತಂದ ಜನರ ಜೊತೆ ಬೆಂಡೆಯೂ ಬಂತು. ಸಮಪ್ರಮಾಣದ ಮೈದಾ ಮತ್ತು ಎಣ್ಣೆಯನ್ನು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯವರೆಗೂ ಕೈಬಿಡದೆ ತಿರುವಿ ಚಾಕೊಲೇಟ್ ಬಣ್ಣಕ್ಕೆ ಹುರಿಯುತ್ತಾರೆ, ಅದೇ 'ರೂ'. ಆಮೇಲೆ ಈರುಳ್ಳಿ, ಸೆಲರಿ, ದಪ್ಪಮೆಣಸಿನಕಾಯಿ. ರೂ ಒಳಗೆ ಕಪ್ಪು ಚುಕ್ಕೆ ಕಂಡರೆ ಸೀದಿದೆ ಎಂದರ್ಥ, ಇಡೀ ಪಾತ್ರೆಯದನ್ನು ಚೆಲ್ಲುವುದು ಬಿಟ್ಟು ಬೇರೆ ದಾರಿಯಿಲ್ಲ. ಬಣ್ಣ ಏರಿದಷ್ಟೂ ಹಿಟ್ಟಿನ ಪಿಷ್ಟ ಮುರಿದು ಮಂದ ಮಾಡುವ ಶಕ್ತಿ ಇಳಿಯುತ್ತದೆ. ಅದನ್ನು ತುಂಬಲು ಬೆಂಡೆಯ ಲೋಳೆ ಬೇಕು, ಇಲ್ಲವೇ 'ಫೀಲೇ' ಎಂಬ ಸಾಸಾಫ್ರಾಸ್ ಎಲೆಯ ಪುಡಿ. ಈ ಪುಡಿ ಚೋಕ್ಟಾ ಮೂಲನಿವಾಸಿಗಳ ಕೊಡುಗೆ. ಅದನ್ನು ಒಲೆಯಿಂದ ಇಳಿಸಿದ ಮೇಲೆ ಬೆರೆಸಬೇಕು, ಕುದಿಸಿದರೆ ನೂಲುನೂಲಾಗುತ್ತದೆ. ಬೆಂಡೆಯನ್ನು ಗೊಜ್ಜಿಗೆ ಹಾಕುವ ಮುನ್ನ ಬಾಡಿಸಿಕೊಳ್ಳುವ ಕೈಗಳಿಗೆ ಇದರ ತರ್ಕ ತಾನಾಗಿಯೇ ಅರ್ಥವಾಗುತ್ತದೆ. ಮೊದಲ ಸಲ 'ಕಪ್' ಅಳತೆಯದನ್ನೇ ಹೇಳಿ, 'ಬೌಲ್' ಒಂದು ಪೂರ್ತಿ ಊಟ. ಖಾರ ಇರುತ್ತದೆ ಅಂತ ಹೆದರಬೇಡಿ, ನಮ್ಮ ಸಾರಿನ ಅರ್ಧವೂ ಇರುವುದಿಲ್ಲ. ಮೇಜಿನ ಮೇಲಿರುವ 'ಕ್ರಿಸ್ಟಲ್' ಎಂಬ ಖಾರದ ಸಾಸ್ ಬಾಟಲಿ ಅದಕ್ಕೇ ಇರುವುದು.

ಶನಿವಾರಕ್ಕೆ ಮಿಡ್-ಸಿಟಿ ಬಡಾವಣೆಯೊಂದೇ ಸಾಕು, ಒಂದೇ ಟ್ರಾಮಿನ ದಾರಿ. ಒಂದು ದಿನದ ಜಾಝೀ ಪಾಸ್ ತೆಗೆದುಕೊಂಡು ಕೆನಾಲ್ ಸ್ಟ್ರೀಟಿನಲ್ಲಿ 'ಸಿಟಿ ಪಾರ್ಕ್' ಫಲಕದ ಕೆಂಪು ಟ್ರಾಮ್ ಹತ್ತಿ. 'ಸೆಮೆಟರೀಸ್' ಅಂತ ಇರುವುದು ಬೇರೆ ಕಡೆ ಹೋಗುತ್ತದೆ, ಬಹಳ ಜನ ಇಲ್ಲೇ ತಪ್ಪುತ್ತಾರೆ. ಕೊನೆಯ ನಿಲ್ದಾಣದಲ್ಲಿ ಇಳಿದರೆ ಉದ್ಯಾನದೊಳಗೆ ಕೆಫೆ ದು ಮಾಂಡ್‌ನ ಶಾಖೆ ಇದೆ. 1862ರ ಮೂಲ ಅಂಗಡಿ ಫ್ರೆಂಚ್ ಕ್ವಾರ್ಟರ್‌ನಲ್ಲಿ, ಜ್ಯಾಕ್ಸನ್ ಸ್ಕ್ವೇರ್ ಎದುರಿಗಿದೆ. ಅಲ್ಲಿಗೂ ಹೋಗಿ, ಆದರೆ ಬೆಳಿಗ್ಗೆ 8ರೊಳಗೆ ಅಥವಾ ರಾತ್ರಿ ಊಟವಾದ ಮೇಲೆ. ಅಲ್ಲಿ ಯಾರೂ ಕೂರಿಸುವುದಿಲ್ಲ. ಖಾಲಿಯಾದ ಮೇಜು ಕಂಡ ಕೂಡಲೇ, ಎಂಜಲು ತಟ್ಟೆ ಇದ್ದರೂ, ಕೂತುಬಿಡಬೇಕು, ಒರೆಸಿಕೊಡುತ್ತಾರೆ. ಮೂಲ ಅಂಗಡಿಯೋ ಶಾಖೆಯೋ, ತಿನ್ನುವುದು ಒಂದೇ: ಬೆನ್ಯೇ, ಅಂದರೆ ಚೌಕಾಕಾರದ ಕರಿದ ಹಿಟ್ಟು, ಮೇಲೆ ಗುಡ್ಡೆ ಸಕ್ಕರೆ ಪುಡಿ, ತಟ್ಟೆಗೆ ಮೂರು. ಬಾಯಿಗಿಡುವಾಗ ಉಸಿರೆಳೆದರೆ ಸಕ್ಕರೆ ಪುಡಿ ಗಂಟಲಿಗೆ ಹೋಗಿ ಕೆಮ್ಮು ಬರುತ್ತದೆ, ಕಪ್ಪು ಬಟ್ಟೆ ಹಾಕಿದ್ದರೆ ಅದೂ ಬಿಳಿಯಾಗುತ್ತದೆ. ಆರಿದ ಬೆನ್ಯೇ ರಬ್ಬರಿನಂತಾಗುವುದರಿಂದ ಕಟ್ಟಿಸಿಕೊಂಡು ಹೋಗಬೇಡಿ. ಹಿಟ್ಟಿಗೆ ಮೊಟ್ಟೆ ಹಾಕುವುದೂ ಉಂಟು, ಹಾಕದಿರುವುದೂ ಉಂಟು. ಅಮ್ಮನವರಿಗೆ ಕೊಡುವ ಮುನ್ನ ಆಯಾ ಅಂಗಡಿಯಲ್ಲಿ ಕೇಳಿ.

ಅವರಿಗೆ ನಿಜವಾಗಿ ಹಿಡಿಸುವುದು ಕಾಫಿ. ಇಲ್ಲಿನ ಕಾಫಿಯಲ್ಲೂ ಚಿಕೋರಿ ಇದೆ! 1860ರ ದಶಕದ ಅಂತರ್ಯುದ್ಧದಲ್ಲಿ ಬಂದರು ಮುಚ್ಚಿ ಕಾಫಿಬೀಜಕ್ಕೆ ಅಭಾವ ಬಂದಾಗ ಫ್ರೆಂಚರಿಂದ ಕಲಿತಿದ್ದ ಚಿಕೋರಿ ಬೆರಕೆ ಬಲವಾಗಿ ಬೇರೂರಿತು, ಅಭಾವ ಹೋದರೂ ರುಚಿ ಉಳಿಯಿತು. 'ಕೆಫೆ ಓಲೆ' ಅಂದರೆ ಅರ್ಧ ಕಾಫಿ, ಅರ್ಧ ಬಿಸಿ ಹಾಲು. ಅಮೆರಿಕದಲ್ಲಿ ನಮ್ಮ ಫಿಲ್ಟರ್ ಕಾಫಿಗೆ ಇಷ್ಟು ಹತ್ತಿರದ ರುಚಿ ಬೇರೆ ಊರಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ಮಧ್ಯಾಹ್ನ ಪೋ ಬಾಯ್ ಸ್ಯಾಂಡ್‌ವಿಚ್. 1929ರಲ್ಲಿ ಟ್ರಾಮ್ ನೌಕರರು ಮುಷ್ಕರ ಹೂಡಿದಾಗ, ಹಿಂದೆ ತಾವೂ ಟ್ರಾಮ್ ಕಂಡಕ್ಟರ್‌ಗಳಾಗಿದ್ದ ಮಾರ್ಟಿನ್ ಸಹೋದರರು ಮುಷ್ಕರನಿರತರಿಗೆ ಬಿಟ್ಟಿ ಸ್ಯಾಂಡ್‌ವಿಚ್ ಕೊಟ್ಟರು, 'ಇನ್ನೊಬ್ಬ ಪಾಪದವನು (ಪುವರ್ ಬಾಯ್) ಬಂದ' ಅನ್ನುವ ಮಾತೇ ಹೆಸರಾಯಿತು ಎನ್ನುತ್ತಾರೆ. 1911ರ ಪಾರ್ಕ್‌ವೇ ಬೇಕರಿ ಕೆನಾಲ್ ಟ್ರಾಮ್ ದಾರಿಯಿಂದ ಕಾಲು ಗಂಟೆಯ ನಡಿಗೆ. ಕರಿದ ಸೀಗಡಿಯದನ್ನು ಹೇಳಿ. 'ಡ್ರೆಸ್ಡ್' ಅಂದರೆ ಲೆಟಿಸ್, ಟೊಮೆಟೊ, ಉಪ್ಪಿನಲ್ಲಿಟ್ಟ ಸೌತೆ, ಮೇಯನೇಸ್ ಎಲ್ಲ ಹಾಕಿ ಅಂತ. ರೋಸ್ಟ್ ಬೀಫ್ ಪೋ ಬಾಯ್ ಇಲ್ಲಿ ಬಹಳ ಹೆಸರುವಾಸಿ, ದನದ ಮಾಂಸ ಬೇಡದವರು ಗ್ರೇವಿಯ ಬಗ್ಗೆಯೂ ಎಚ್ಚರ ವಹಿಸಬೇಕು. ಆಲೂಗೆಡ್ಡೆ ಫ್ರೈಸ್ ತುಂಬಿದ ಪೋ ಬಾಯ್ ಕೆಲವು ಅಂಗಡಿಗಳಲ್ಲಿ ಸಿಗುತ್ತದೆ, ಅದರ ಮೇಲೆ ಸುರಿಯುವುದೂ ಅದೇ ಗ್ರೇವಿ. ಬ್ರೆಡ್ಡಿನ ಮೇಲ್ಪದರ ಗರಿಗರಿ, ಒಳಗೆ ಹತ್ತಿ. ಅರ್ಧ ಗಂಟೆಯಲ್ಲಿ ಮೆತ್ತಗಾಗಿಬಿಡುತ್ತದೆ, ಅಲ್ಲೇ ತಿಂದು ಮುಗಿಸಿ.

ಬಿಸಿಲು ಇಳಿಯುವ ಹೊತ್ತಿಗೆ ಕ್ಯಾರಲ್ಟನ್ ಅವೆನ್ಯೂದ ಆಂಜೆಲೊ ಬ್ರೊಕಾಟೊಗೆ ಬನ್ನಿ, 1905ರಿಂದ ಇರುವ ಇಟಾಲಿಯನ್ ಐಸ್‌ಕ್ರೀಮ್ ಮನೆತನ. ಅಲ್ಲಿನ ನಿಂಬೆ ಐಸ್ ಅಮ್ಮನವರಿಗಾಗಿಯೇ ಮಾಡಿಟ್ಟಂತಿದೆ.

ಕ್ರಾಫಿಶ್ ಅನ್ನು ಶನಿವಾರ ಸಂಜೆಗೇ ಇಟ್ಟುಕೊಳ್ಳಿ ಅನ್ನುವುದಕ್ಕೆ ಕಾರಣವಿದೆ. ಲೆಂಟ್‌ನ ಶುಕ್ರವಾರಗಳಲ್ಲಿ ಕ್ಯಾಥೊಲಿಕರು ಮಾಂಸ ಬಿಡುವುದರಿಂದ ಇಡೀ ಊರು ಕ್ರಾಫಿಶ್ ಅಂಗಡಿಯ ಮುಂದೆ ನಿಂತಿರುತ್ತದೆ. ಬಿಯೆನ್ವಿಲ್ ಸ್ಟ್ರೀಟಿನ ಕ್ಲೆಸೀಸ್ ಇದೇ ಬಡಾವಣೆಯಲ್ಲಿದೆ. ಪೌಂಡ್ ಲೆಕ್ಕದಲ್ಲಿ ಮಾರುತ್ತಾರೆ. ಚಿಪ್ಪು ಕಳೆದರೆ ಸಿಗುವ ಮಾಂಸ ತೂಕದ ಆರನೇ ಒಂದು ಭಾಗವೂ ಇಲ್ಲ, ಆದ್ದರಿಂದ ತಲೆಗೆ ಮೂರು ಪೌಂಡ್ (ಸುಮಾರು 1.4 ಕಿಲೊ) ಹೇಳಿದರೆ ಜಾಸ್ತಿಯಾಗುವುದಿಲ್ಲ. ತಲೆ ಮತ್ತು ಬಾಲವನ್ನು ತಿರುಚಿ ಬೇರೆ ಮಾಡಿ, ಬಾಲದ ಮೊದಲ ಎರಡು ಉಂಗುರ ಸುಲಿದು, ತುದಿಯನ್ನು ಚಿವುಟಿ ಎಳೆದರೆ ಇಡಿಯಾಗಿ ಬರುತ್ತದೆ. ಮಸಾಲೆ ತಲೆಯಲ್ಲೇ ಹೆಚ್ಚಿರುತ್ತದೆ, ಅದನ್ನು ಹೀರುವುದು ರೂಢಿ. ಕಣ್ಣು ಮುಟ್ಟಿಕೊಳ್ಳಬೇಡಿ. ಜೊತೆಯಲ್ಲಿ ಕೊಡುವ ಆಲೂಗೆಡ್ಡೆ, ಜೋಳ ಅದೇ ನೀರಿನಲ್ಲಿ ಬೆಂದದ್ದು, ಅಮ್ಮನವರಿಗಲ್ಲ.

ಭಾನುವಾರ ಬೆಳಿಗ್ಗೆ ರಾಯಲ್ ಸ್ಟ್ರೀಟಿನ ಗುಲಾಬಿ ಬಣ್ಣದ ಬ್ರೆನ್ನನ್ಸ್. ಬನಾನಾಸ್ ಫಾಸ್ಟರ್ ಎಂಬ ಬಾಳೆಹಣ್ಣಿನ ಸಿಹಿ ಹುಟ್ಟಿದ್ದು 1951ರಲ್ಲಿ, ಇದೇ ಹೋಟೆಲು ಬೋರ್ಬನ್ ಸ್ಟ್ರೀಟಿನಲ್ಲಿದ್ದಾಗ. ಈ ಊರು ಆಗ ಬಾಳೆಹಣ್ಣಿನ ದೊಡ್ಡ ಬಂದರು. ಬೆಣ್ಣೆ, ಕಂದು ಸಕ್ಕರೆ, ಚಕ್ಕೆ ಕರಗಿಸಿ ಬಾಳೆ ಹಾಕಿ, ರಮ್ ಸುರಿದು ನಿಮ್ಮ ಮೇಜಿನ ಪಕ್ಕದಲ್ಲೇ ಬೆಂಕಿ ಹೊತ್ತಿಸುತ್ತಾರೆ. ಉರಿದ ಮೇಲೂ ರಮ್ಮಿನ ಅಂಶ ಸ್ವಲ್ಪ ಉಳಿಯುತ್ತದೆ, ಬೇಡದವರಿಗೆ ಇದು ಗೊತ್ತಿರಲಿ. ಐಸ್‌ಕ್ರೀಮಿನಲ್ಲಿ ಮೊಟ್ಟೆ ಇದೆಯೇ ಅಂತಲೂ ಕೇಳಿ. ಬೆಳಗಿನ ತಿಂಡಿಗೆ ಗ್ರಿಟ್ಸ್ ಎಲ್ಲ ಕಡೆ ಸಿಗುತ್ತದೆ. ಅದು ಮುಸುಕಿನ ಜೋಳದ ನುಚ್ಚೇ, ಬೆಣ್ಣೆ ಹಾಕಿದ್ದು. ಸ್ಟಾಕ್ ಇಲ್ಲ ಅಂತ ಖಚಿತವಾದರೆ ಅಮ್ಮನವರಿಗೆ ಇದಕ್ಕಿಂತ ಪರಿಚಿತ ತಿಂಡಿ ಇಲ್ಲ.

ಮಧ್ಯಾಹ್ನ ಹಸಿ ಆಯ್ಸ್ಟರ್ ತಿನ್ನುವ ಮನಸ್ಸಿದ್ದರೆ ಇಬರ್‌ವಿಲ್ ಸ್ಟ್ರೀಟಿನಲ್ಲಿ ಎದುರುಬದುರು ಇರುವ ಆಕ್ಮೆ, ಫೆಲಿಕ್ಸ್ ಎರಡರಲ್ಲಿ ಸರದಿ ಕಡಿಮೆ ಇರುವ ಕಡೆ ನುಗ್ಗಿ. ಮರುವಾಯಿ ತಿಂದು ಬೆಳೆದ ಕರಾವಳಿಯವರಿಗೂ ಹಸಿಯದು ಹೊಸ ಅನುಭವ. ಲಿವರ್ ಕಾಯಿಲೆ, ಮಧುಮೇಹ ಇರುವವರು ಹಸಿಯದನ್ನು ಖಂಡಿತ ತಿನ್ನಬಾರದು. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾದಿಂದ ಪ್ರಾಣಕ್ಕೇ ಅಪಾಯ, ನಿಂಬೆರಸ, ಖಾರದ ಸಾಸ್ ಯಾವುದೂ ಅದನ್ನು ಕೊಲ್ಲುವುದಿಲ್ಲ. ಅಂಥವರು ಬೆಳ್ಳುಳ್ಳಿ ಬೆಣ್ಣೆ ಹಾಕಿ ಕೆಂಡದ ಮೇಲೆ ಚೆನ್ನಾಗಿ ಸುಟ್ಟದ್ದನ್ನು ತಿನ್ನಲಿ. ನನ್ನ ಮಟ್ಟಿಗೆ ರುಚಿಯಲ್ಲೂ ಅದೇ ಮೇಲು. ರಾತ್ರಿಗೆ ಮ್ಯಾಗಜೀನ್ ಸ್ಟ್ರೀಟಿನ ಶಾಯಾ, ಇಸ್ರೇಲಿ ಅಡುಗೆ. ಕಟ್ಟಿಗೆ ಒಲೆಯಿಂದ ಬಂದ ಬಿಸಿ ಪೀಟಾ ರೊಟ್ಟಿ, ಹಮ್ಮಸ್, ತರಕಾರಿಯ ಸಣ್ಣ ಸಣ್ಣ ತಟ್ಟೆಗಳು. ನಾಲ್ವರೂ ಒಂದೇ ತಟ್ಟೆಗೆ ಕೈಹಾಕಬಹುದಾದ ಊಟ ಇಡೀ ಪ್ರವಾಸದಲ್ಲಿ ಇದೊಂದೇ ಇರಬಹುದು, ಆದ್ದರಿಂದ ಬಿಡಬೇಡಿ.

ಖರ್ಚಿನ ಲೆಕ್ಕ ಹಾಕುವಾಗ ಮೆನುವಿನ ಬೆಲೆಗೆ ಸುಮಾರು 10% ತೆರಿಗೆ, ಬಡಿಸುವವರಿಗೆ 18ರಿಂದ 20% ಟಿಪ್ಸ್ ಸೇರಿಸಿ. ಮೆನುವಿನಲ್ಲಿ 100 ಡಾಲರ್ ಅಂದರೆ ಕೈಬಿಡುವುದು 130. ಬಿಲ್ಲಿನಲ್ಲಿ 'ಗ್ರಾಚ್ಯುಟಿ' (ಟಿಪ್ಸ್) ಅಂತ ಮೊದಲೇ ಸೇರಿಸಿದ್ದಾರೆಯೇ ನೋಡಿ, ನೋಡದೆ ಕೊಟ್ಟರೆ ಎರಡು ಸಲ ಕೊಟ್ಟಂತಾಗುತ್ತದೆ.

ಸೋಮವಾರ ಈ ಊರಲ್ಲಿ ಕೆಂಪು ಕಾಳು, ಅನ್ನ. ಸೋಮವಾರ ಬಟ್ಟೆ ಒಗೆಯುವ ದಿನವಾಗಿತ್ತು. ಭಾನುವಾರದ ಹಂದಿಮಾಂಸದ ಮೂಳೆಯ ಜೊತೆ ಕಾಳನ್ನು ಒಲೆಯ ಮೇಲಿಟ್ಟು ಒಗೆಯಲು ಹೋದರೆ ಅದರ ಪಾಡಿಗೆ ಅದು ಬೇಯುತ್ತಿತ್ತು. ಇಲ್ಲೇ ಹುಟ್ಟಿದ ಜಾಝ್ ಸಂಗೀತಗಾರ ಲೂಯಿ ಆರ್ಮ್‌ಸ್ಟ್ರಾಂಗ್ ತನ್ನ ಪತ್ರಗಳ ಕೊನೆಗೆ 'ರೆಡ್ ಬೀನ್ಸ್ ಅಂಡ್ ರೈಸ್ಲೀ ಯುವರ್ಸ್' ಎಂದೇ ಸಹಿ ಹಾಕುತ್ತಿದ್ದರು. ಮೂವರು ಪಾಯ್‌ಡ್ರಸ್ ಸ್ಟ್ರೀಟಿನ ಮದರ್ಸ್‌ನಲ್ಲಿ (1938) ತಿನ್ನಬಹುದು. ಅಮ್ಮನವರಿಗಾಗಿ ಮನೆಯಲ್ಲೇ ಮಾಡಿ. ಕಮೀಲಿಯಾ ಬ್ರ್ಯಾಂಡಿನ ಒಂದು ಪೌಂಡ್ ಕಾಳನ್ನು ಭಾನುವಾರ ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೊದಲ ಹತ್ತು ನಿಮಿಷ ಜೋರಾಗಿ ಕುದಿಸಲೇಬೇಕು, ಅರೆಬೆಂದ ಕಾಳಿನಲ್ಲಿರುವ ವಿಷಾಂಶ ವಾಂತಿ ತರಿಸುತ್ತದೆ. ಇದೇ ಕಾರಣಕ್ಕೆ ಹಸಿ ಕಾಳನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬಾರದು. ಒಂದು ಈರುಳ್ಳಿ, ಎರಡು ದಂಟು ಸೆಲರಿ, ಒಂದು ದಪ್ಪಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ ಬಾಡಿಸಿ ಹಾಕಿ, ಎರಡು ಬೇ ಲೀಫ್, ಅರ್ಧ ಚಮಚ ಥೈಮ್, ಒಂದು ಚಮಚ ಹೊಗೆಯಾಡಿಸಿದ ಪ್ಯಾಪ್ರಿಕಾ ಸೇರಿಸಿ. ಹಂದಿಮಾಂಸ ಕೊಡುತ್ತಿದ್ದ ಹೊಗೆಯ ವಾಸನೆ ಈ ಪ್ಯಾಪ್ರಿಕಾದಿಂದ ಬರುತ್ತದೆ. ಟೊಮೆಟೊ, ಹುಳಿ ಹಾಕಬೇಡಿ, ಸಿಪ್ಪೆ ಗಟ್ಟಿಯಾಗಿ ಬೇಯುವುದೇ ಇಲ್ಲ. ಒಂದೂವರೆಯಿಂದ ಎರಡು ಗಂಟೆ ಬೇಕು. ಬೆಂದ ಮೇಲೆ ಕಾಲುಭಾಗವನ್ನು ಸೌಟಿನಿಂದ ಪಾತ್ರೆಯ ಗೋಡೆಗೆ ಒತ್ತಿ ಮಸೆದರೆ ರಸ ಕೆನೆಯಂತಾಗುತ್ತದೆ.

ರಾತ್ರಿ ವಿಮಾನಕ್ಕೆ ಮುಂಚೆ ಹಳದಿ ಡಬ್ಬಿಯ ಚಿಕೋರಿ ಕಾಫಿ ಒಂದೆರಡು ಕೊಂಡುಕೊಳ್ಳಿ, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ. ಅದರ ಪುಡಿ ನಮ್ಮ ಫಿಲ್ಟರ್ ಪುಡಿಗಿಂತ ತರಿ, ಸ್ಟೀಲ್ ಫಿಲ್ಟರಿನಲ್ಲಿ ಬೇಗ ಇಳಿದು ಡಿಕಾಕ್ಷನ್ ನೀರಾಗುತ್ತದೆ. ಎರಡು ಚಮಚದ ಜಾಗಕ್ಕೆ ಮೂರು ಹಾಕಿ, ಒತ್ತುಬಿಲ್ಲೆಯಿಂದ ಗಟ್ಟಿಯಾಗಿ ಒತ್ತಿ ನೀರನ್ನು ಎರಡು ಕಂತಿನಲ್ಲಿ ಹುಯ್ಯಿರಿ.